ನಿಂತೇ ನಿಲ್ಲುವ ಚಕ್ರ

“ನಾನು ಡ್ಯಾಮಿನ ಹಿಂದೆ ಕುಂತ್ಕಳಲ್ಲ ಸಾರ್!”

ಚಿತ್ತಮ್ಮ ಕೈಲಿದ್ದ ತಂಬಿಗೆಯನ್ನು ಟಣ್ಣನೆ ನೆಲಕ್ಕಿಟ್ಟಳು. ಆರನೇ ಕ್ಲಾಸಿನವರೆಲ್ಲ ಅವಳತ್ತ ತಿರುಗಿದರು. ಬೋರಯ್ಯ ಮೇಷ್ಟ್ರಿಗೆ ಹೀಗೆ ಎದುರು ಮಾತಾಡಿದವರನ್ನು ಅವರು ನೋಡಿಯೇ ಇರಲಿಲ್ಲ.

“ಮೆಲ್ಲಗೆ ಮಾತಾಡೇ,” ಎಂದರು ಮೇಷ್ಟ್ರು. “ಇನ್‌ಸ್ಪೆಕ್ಟರ್ ಮೇಡಂ ಶ್ರೀರಾಂಪುರದ ಬಸ್ಸಿಂದ ಇಳಿಯೋ ಹೊತ್ತಾತು.”

ಶಾಲೆಯಲ್ಲಿ ಅಂದು ವಿಜ್ಞಾನ ಪ್ರದರ್ಶನ. ಮೇಜಿನ ಮೇಲೆ ರಟ್ಟಿನ ಮಾರಿಕಣಿವೆ ಡ್ಯಾಮು, ಅದರ ನೆತ್ತಿಯಲ್ಲಿ ನೀರು ತುಂಬಿದ ಡಾಲ್ಡಾ ಡಬ್ಬ. ಡಬ್ಬದ ತೂತಿನಿಂದ ನೀರು ಬೀಳಬೇಕು, ಕೆಳಗಿನ ಬಿದಿರಿನ ಚಕ್ರ ತಿರುಗಬೇಕು, ಚಕ್ರಕ್ಕೆ ಹಗ್ಗದಿಂದ ಕಟ್ಟಿದ ಪುಟ್ಟ ಬಟ್ಟಲುಗಳು ಬಿದ್ದ ನೀರನ್ನೇ ಎತ್ತಿ ಮತ್ತೆ ಡಬ್ಬಕ್ಕೆ ಸುರಿಯಬೇಕು. ಚಕ್ರ ಮಾಡಿದ್ದು ಚಿತ್ತಮ್ಮ ಮತ್ತು ಅವಳ ಗೆಳೆಯ ಕಾಟಲಿಂಗ. ‘ಪೆಟ್ರೋಲ್ ಬೇಡ, ಕರೆಂಟ್ ಬೇಡ, ಇದು ಎಂದೂ ನಿಲ್ಲದು!’ ಎಂದು ಬರೆದು ತೂಗುಹಾಕಿದ್ದು ಮೇಷ್ಟ್ರು. ಆ ವರ್ಷ ಪೆಟ್ರೋಲಿನ ಬೆಲೆ ಏರಿತ್ತು. ಅದಕ್ಕೇ ಆ ಬರಹ ಎಲ್ಲರಿಗೂ ಹಿಡಿಸಿತ್ತು.

ಆದರೆ ಚಕ್ರ ನಿಲ್ಲುತ್ತಿತ್ತು. ಹರಳೆಣ್ಣೆ ಹಾಕಿದರೂ ನಿಂತಿತು, ಹಗ್ಗ ಬದಲಿಸಿದರೂ ನಿಂತಿತು. ಅದಕ್ಕೇ ಮೇಷ್ಟ್ರು ಬೇರೆ ಉಪಾಯ ಮಾಡಿದ್ದರು. ಸಣ್ಣ ಆಳ್ತನದ ಚಿತ್ತಮ್ಮ ಡ್ಯಾಮಿನ ಹಿಂದೆ ಅಡಗಿ ಕೂತು, ಯಾರಿಗೂ ಕಾಣದಂತೆ ಡಬ್ಬಕ್ಕೆ ನೀರು ಸುರಿಯಬೇಕು.

“ಇವತ್ತೊಂದಿನ ಕಣೇ. ಆಮೇಲೆ ಸರಿ ಮಾಡಾಣ. ಬಿದ್ದ ನೀರು ಚಕ್ರ ತಿರುಗಿಸ್ತೈತೆ ಅಂದ್ಮೇಲೆ, ತಿರುಗೋ ಚಕ್ರ ಅಷ್ಟೂ ನೀರನ್ನ ವಾಪಸ್ ಎತ್ತಬೇಕು ತಾನೆ?”

“ಎತ್ತಬೇಕು ಸಾರ್. ಆದ್ರೆ ಎತ್ತಲ್ಲ.”

ಮೇಷ್ಟ್ರ ಮುಖ ಕೆಂಪಾಯಿತು. “ಹಂಗಾದ್ರೆ ನೀನು ಹೊರಗೆ ನಡಿ. ಕಾಟಲಿಂಗ, ನೀನು ಬಾರೋ.”

ಕಾಟಲಿಂಗ ಚಿತ್ತಮ್ಮನ ಮುಖ ನೋಡದೆ ತಂಬಿಗೆ ಎತ್ತಿಕೊಂಡು ಡ್ಯಾಮಿನ ಹಿಂದೆ ಸೇರಿಕೊಂಡ. ಚಿತ್ತಮ್ಮ ಬಾಗಿಲವರೆಗೆ ಹೋದಳು. ಹೊಸ್ತಿಲು ದಾಟಲಿಲ್ಲ.

ಇನ್‌ಸ್ಪೆಕ್ಟರ್ ಮೇಡಂ ಬಂದರು. ಚಕ್ರ ತಿರುಗುತ್ತಲೇ ಇತ್ತು.

“ಅಬ್ಬಾ! ಯಾರು ಮಾಡಿದ್ದು ಇದು?”

“ನಾನೂ ಕಾಟಲಿಂಗನೂ ಮೇಡಂ,” ಬಾಗಿಲಿನಿಂದ ದನಿ ಬಂತು. “ಆದ್ರೆ ಅದು ನಿಲ್ತೈತೆ.”

“ಏಯ್, ಸುಮ್ಕಿರು!” ಎಂದರು ಮೇಷ್ಟ್ರು.

“ನಾವೇ ಮಾಡಿದ್ದು ಸಾರ್, ನಮಗೆ ಗೊತ್ತಿಲ್ವಾ?” ಚಿತ್ತಮ್ಮ ತಲೆ ತಗ್ಗಿಸದೆ ಡ್ಯಾಮಿನತ್ತ ಕೈ ತೋರಿಸಿದಳು. “ಲೇ ಕಾಟಲಿಂಗ, ಸುರೀಬ್ಯಾಡ. ಹೊರಗೆ ಬಾ!”

ಡ್ಯಾಮಿನ ಹಿಂದಿನಿಂದ ಕಾಟಲಿಂಗ ಮೆಲ್ಲಗೆ ಎದ್ದ. ಅವನ ಅಂಗಿ ಒದ್ದೆಯಾಗಿತ್ತು. ಚಕ್ರ ಇನ್ನೊಂದಿಷ್ಟು ತಿರುಗಿತು, ಕಿರ್ ಎಂದಿತು, ನಿಂತಿತು.

ಮೇಡಂ ಮೇಷ್ಟ್ರನ್ನು ನೋಡಿದರು. ಆಮೇಲೆ ಚಿತ್ತಮ್ಮನನ್ನು ಕೇಳಿದರು, “ಯಾಕೆ ನಿಂತಿತು?”

“ಗೊತ್ತಿಲ್ಲ ಮೇಡಂ.”

ಅವರು ಮುಂದಿನ ಮೇಜಿಗೆ ಹೋದರು. ಬಹುಮಾನ ಏಳನೇ ಕ್ಲಾಸಿನ ಅವರೆಕಾಳಿನ ಮೊಳಕೆಗೆ ಸಿಕ್ಕಿತು. ಮೇಷ್ಟ್ರು ಸಂಜೆಯವರೆಗೆ ಚಿತ್ತಮ್ಮನ ಜೊತೆ ಮಾತಾಡಲಿಲ್ಲ. ಕ್ಲಾಸಿನವರೂ ಮಾತಾಡಲಿಲ್ಲ.

ಶಾಲೆ ಬಿಟ್ಟ ಮೇಲೆ, ಚಕ್ರದ ಬಳಿ ಕೂತಿದ್ದ ಚಿತ್ತಮ್ಮನ ಹತ್ತಿರ ಕಾಟಲಿಂಗ ಒಬ್ಬನೇ ಬಂದ. “ನಿನ್ನಿಂದ್ಲೇ ಎಲ್ಲಾ ಹಾಳಾತು ಅಂತಾವ್ರೆ.”

“ಅನ್ಲಿ.” ಚಿತ್ತಮ್ಮ ಸಿಟ್ಟಿನಿಂದ ಖಾಲಿ ಚಕ್ರವನ್ನು ಗರಗರ ತಿರುಗಿಸಿದಳು. ಮತ್ತೆ ಮತ್ತೆ ತಿರುಗಿಸಿದಳು. ಕೈ ಸೋತು, ಚಕ್ರ ತೆಗೆಯಲೆಂದು ಅದರ ನಡುವಿನ ಅಚ್ಚನ್ನು ಹಿಡಿದವಳು ತಟ್ಟನೆ ಬೆರಳು ಹಿಂದಕ್ಕೆಳೆದುಕೊಂಡಳು.

“ಲೇ, ಇಲ್ಲಿ ಮುಟ್ಟು!”

“ಅಯ್ಯೋ, ಬಿಸಿ!”

“ನಾನು ತಿರುಗಿಸಿದ ಜೋರು ಇಲ್ಲಿಗೆ ಬಂದೈತೆ ಕಣೋ. ನೀರಿನ ಜೋರೂ ಹಿಂಗೇ ಚೂರುಚೂರು ಹೋಗಿರ್ಬೇಕು.”

ಕಾಟಲಿಂಗನ ಕಣ್ಣರಳಿತು. “ಹಂಗಾದ್ರೆ ಹಿಂದಕ್ಕೆ ತಿರುಗಿಸಾಣ! ಹೋದ ಜೋರು ವಾಪಸ್ ಬರ್ತೈತೆ, ಅಚ್ಚು ತಣ್ಣಗಾಗ್ತೈತೆ!”

ಇಬ್ಬರೂ ಸರದಿಯ ಮೇಲೆ ಹಿಂದಕ್ಕೆ ತಿರುಗಿಸಿದರು. ತೋಳು ನೋಯುವ ತನಕ ತಿರುಗಿಸಿದರು. ಆಮೇಲೆ ಒಟ್ಟಿಗೆ ಬೆರಳಿಟ್ಟರು.

ಅಚ್ಚು ಮೊದಲಿಗಿಂತ ಬಿಸಿಯಾಗಿತ್ತು.

“ಹಿಂದಕ್ಕೆ ತಿರುಗಿಸಿದ್ರೂ ಬಿಸೀನೇ!” ಕಾಟಲಿಂಗ ಬೆರಳಿಗೆ ಉಫ್ ಎಂದು ಊದಿಕೊಂಡ.

“ನಾಳೆ ಸಾರಿಗೆ ತೋರಿಸ್ತೀನಿ,” ಎಂದಳು ಚಿತ್ತಮ್ಮ.

“ಹೊಡೀತಾರೆ.”

“ಹೊಡೀಲಿ. ಮೊದ್ಲು ಮುಟ್ಟಿ ನೋಡ್ರಿ ಅಂತೀನಿ.”

ಅವಳು ಮತ್ತೆ ಅಚ್ಚಿನ ಮೇಲೆ ಬೆರಳಿಟ್ಟಳು. ಬಿಸಿ ಮೆಲ್ಲಮೆಲ್ಲಗೆ ಇಳಿಯುತ್ತಿತ್ತು. ಅದು ಚಕ್ರಕ್ಕೆ ಮರಳುತ್ತಿರಲಿಲ್ಲ. ಕಿಟಕಿಯಿಂದ ಬೀಸುವ ಗಾಳಿಗೆ ಸೇರಿಹೋಗುತ್ತಿತ್ತು. ಅದು ಪೂರ್ತಿ ಹೋಗುವವರೆಗೂ ಚಿತ್ತಮ್ಮ ಬೆರಳು ತೆಗೆಯಲಿಲ್ಲ.