ಬಿಳಿ ಗೆರೆಯ ಚೀಟಿ

ಮಂಚಯ್ಯನ ಹುಳಮನೆಯಲ್ಲಿ ಸದ್ದಿರಲಿಲ್ಲ.

ಬಲಿತ ರೇಷ್ಮೆಹುಳು ಸೊಪ್ಪು ತಿನ್ನುವಾಗ ಹೆಂಚಿನ ಮೇಲೆ ಮಳೆ ಬಿದ್ದಂತೆ ಕೇಳಬೇಕು. ಆಗಸ್ಟ್ ಹದಿನೇಳರ ಬೆಳಿಗ್ಗೆ ಬೈರಮಂಗಲದ ಆ ಮನೆಯಲ್ಲಿ ನೊಣ ಬಿಟ್ಟರೆ ಯಾವುದೂ ಸದ್ದು ಮಾಡುತ್ತಿರಲಿಲ್ಲ. ಹಾಸಿದ ಸೊಪ್ಪು ಹಾಸಿದಂತೆಯೇ ಬಾಡಿತ್ತು. ಹುಳುಗಳ ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ.

"ಗಂಟುರೋಗ," ಅಂದರು ರೇಷ್ಮೆ ಇಲಾಖೆಯವರು, ಸೂಕ್ಷ್ಮದರ್ಶಕದಿಂದ ತಲೆಯೆತ್ತಿ. "ಮೊಟ್ಟೆಯಿಂದಲೇ ಬಂದಿರೋದು. ಮರಿ ಎಲ್ಲಿ ತಂದ್ರಿ?"

ಮಂಚಯ್ಯ ಜೇಬಿನಿಂದ ಚೀಟಿ ತೆಗೆದು ಎಸ್‌ಐ ಉದಯಶಂಕರನ ಕೈಗಿಟ್ಟ. 'ಬಸವಲಿಂಗಮ್ಮ ಚಾಕಿ ಕೇಂದ್ರ, ಕಲ್ಯ. ದಿನಾಂಕ 4-8. ಇನ್ನೂರು ಮೊಟ್ಟೆ.'

"ಟೆಂಪೋದಲ್ಲಿ ಬಾಗ್ಲಿಗೇ ತಂದ್ಬುಟ್ರು ಸಾ. ಬಸವಲಿಂಗಮ್ಮೋರ ಹುಳ, ಒಸಿ ಜಾಸ್ತಿ ಉಳ್ಕಂಡವೆ ಅಂದ್ರು. ಆಯಮ್ಮನ ಹೆಸ್ರು ಕೇಳುದ್ಮೇಲೆ ಇನ್ನೇನ್ ನೋಡಾದು?"

"ತಂದವನ ಮುಖ?"

"ಮೂಗು ಬಾಯಿ ಕಟ್ಕಂಡಿದ್ದ. ಚಾಕಿಯೋರೆಲ್ಲ ಅಂಗೇ ಅಲ್ವಾ."

ಮೊಟ್ಟೆಯೊಡೆದ ಮರಿಯನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಚಾಕಿ ಕೇಂದ್ರ. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಹುಳು ಮಾಡುವ ಉಪವಾಸ. ಚೀಟಿಯ ಲೆಕ್ಕದಲ್ಲಿ ಒಂದು ಮೊಟ್ಟೆಯೆಂದರೆ ಒಂದು ಚಿಟ್ಟೆ ಇಟ್ಟದ್ದೆಲ್ಲ, ನಾನೂರರ ಮೇಲೆ ಮರಿ. ಗಂಟುರೋಗ ಕಂಡ ಮರಿಯನ್ನು ಚಾಕಿಯವರು ಅಲ್ಲೇ ಸುಡಬೇಕು. ಮಾರಿದರೆ ಕೇಸು.

ಊರಿನ ಏಳು ಮನೆಯಲ್ಲಿ ಅದೇ ಚೀಟಿ, ಅದೇ ಸಾವು. ಮಂಚಯ್ಯನ ಗೋಡೆಯ ಮೊಳೆಯಲ್ಲಿ ಜೂನ್ ತಿಂಗಳ ಚೀಟಿಯೂ ಸಿಕ್ಕಿತು. ಅದೂ ಕಲ್ಯದ್ದೇ. ಉದಯಶಂಕರ ಎರಡನ್ನೂ ಬೆಳಕಿಗೆ ಹಿಡಿದ. ಎರಡರಲ್ಲೂ ಅಕ್ಷರಗಳ ಸೊಂಟಕ್ಕೆ ಅಡ್ಡಲಾಗಿ ಕೂದಲೆಳೆಯಷ್ಟು ಬಿಳಿ ಗೆರೆ. ಒಂದೇ ಯಂತ್ರ. ಬೆರಳಚ್ಚು ಸಿಕ್ಕಷ್ಟು ಖುಷಿಯಾಯಿತು ಅವನಿಗೆ.

ಮಧ್ಯಾಹ್ನದೊಳಗೆ ಕಲ್ಯದ ಕೇಂದ್ರಕ್ಕೆ ಸೀಲು ಬಿತ್ತು. ಪ್ರಿಂಟರು, ಚೀಟಿಗಳ ಕಟ್ಟು ಠಾಣೆಗೆ ಬಂದವು.

*

ಮರುದಿನ ಎಂಟು ಗಂಟೆಗೆ ರಾಮನಗರದಿಂದ ತಾಹೇರಾ ಸ್ಕೂಟರಿನಲ್ಲಿ ಬಂದಳು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ರಿಪೇರಿಗೆ ನಾಲ್ಕು ತಾಲ್ಲೂಕಿಗೆ ಅವಳೊಬ್ಬಳೇ. ಡೇರಿ, ವೇಬ್ರಿಡ್ಜು, ಚಾಕಿ ಕೇಂದ್ರ, ಎಲ್ಲೆಲ್ಲಿ ಟರ್ರೆಂದು ಚೀಟಿ ಹರಿಯುತ್ತದೋ ಅಲ್ಲೆಲ್ಲ ಅವಳ ನಂಬರು ಗೋಡೆಯ ಮೇಲಿತ್ತು.

"ಈ ಚೀಟಿ ಈ ಪ್ರಿಂಟರಿನದು ಅಂತ ಬರೆದುಕೊಡಮ್ಮ, ಸಾಕು," ಅಂದ ಉದಯಶಂಕರ.

ಬೆಂಚಿನ ಮೇಲೆ ಬಸವಲಿಂಗಮ್ಮ ಕೂತಿದ್ದಳು. ಅರವತ್ತರ ಹೆಂಗಸು. ಅತ್ತಿರಲಿಲ್ಲ.

"ನನ್ನ ಜೈಲಿಗೆ ಬೇಕಾರೆ ಹಾಕಪ್ಪ. ಒಳಗೆ ನಲವತ್ತು ತಟ್ಟೆ ಹುಳ ಜ್ವರಕ್ಕೆ ಕುಂತವೆ. ಮಧ್ಯಾಹ್ನ ಏಳ್ತವೆ. ಎದ್ದೇಟಿಗೆ ಸೊಪ್ಪು ಬೀಳ್ದೆ ಹೋದ್ರೆ ನನ್ನ ಹದಿನೆಂಟು ವರ್ಸದ ಹೆಸರೂ ಸಾಯ್ತದೆ, ಅವೂ ಸಾಯ್ತವೆ."

"ತನಿಖೆ ಮುಗಿಯೋವರೆಗೆ ಸೀಲು ಒಡೆಯೋ ಹಾಗಿಲ್ಲ."

ತಾಹೇರಾ ಪ್ರಿಂಟರಿನ ಮುಂದೆ ಕೂತಳು. ಕೆಂಪು ದೀಪ ಉರಿಯುತ್ತಿತ್ತು. ಪೇಪರು ಮುದುಡಿ ಒಳಗೆ ಸಿಕ್ಕಿಕೊಂಡಿತ್ತು.

"ಯಾರು ಪೇಪರ್ ಹಿಂದಕ್ಕೆ ಎಳೆದಿದ್ದು?"

ಕಾನ್‌ಸ್ಟೇಬಲ್ ಬೈರೇಶ್ ಗೋಡೆ ನೋಡಿದ.

"ಎತ್ತಿನ ಬಾಲ ಎಳೆದಂಗೆ ಎಳೀಬಾರದಣ್ಣ. ಮುಂದಕ್ಕೆ ಬಿಡಬೇಕು."

ಅವಳು ಸ್ವಿಚ್ಚು ಆರಿಸಿದಳು. ಪಕ್ಕದ ಗುಬಟು ತಿರುಗಿಸಿ ಕಾಗದವನ್ನು ಮುಂದಕ್ಕೆ ಬಿಟ್ಟಳು. ಹರಿದ ತುಣುಕನ್ನು ಚಿಮಟದಲ್ಲಿ ಹೆಕ್ಕಿದಳು. ತಿರುಚಿದ್ದ ರಿಬ್ಬನನ್ನು ನೇರ ಮಾಡಿ, ಸಡಿಲು ಹೋಗುವಷ್ಟು ಸುತ್ತಿ ಕೂರಿಸಿದಳು. ಮೂರು ಪದರದ ಕಾಗದದ ತೂತುಗಳನ್ನು ಎರಡೂ ಬದಿಯ ಹಲ್ಲುಗಳಿಗೆ ಸಿಕ್ಕಿಸಿದಳು, ಸೊಟ್ಟವಿಲ್ಲ, ಬಿಗಿಯಿಲ್ಲ. ಕಾಗದದ ದಪ್ಪಕ್ಕೆ ತಕ್ಕಂತೆ ಸಣ್ಣ ಸನ್ನೆಕೋಲನ್ನು ಎರಡು ಮನೆ ಸರಿಸಿದಳು. ಹಾಲು ಕರೆಯುವವರ ಕೈ ಹಸುವಿನ ಕೆಚ್ಚಲಿಗೆ ಹೋದಂತೆ, ನೋಡದೆಯೇ, ಬೆರಳು ಬೇಕಾದ ಜಾಗಕ್ಕೆ ಹೋಗುತ್ತಿತ್ತು. ಉದಯಶಂಕರ ಕಾಫಿ ಆರಿದ್ದನ್ನು ಮರೆತ.

"ಕಂಪ್ಯೂಟರ್ ತರಿಸ್ಲಾ?"

"ಬೇಡ. ತನ್ನ ಕಾಯಿಲೆ ತಾನೇ ಹೇಳುತ್ತೆ."

ಒಂದು ಗುಂಡಿ ಒತ್ತಿಹಿಡಿದು ಸ್ವಿಚ್ಚು ಹಾಕಿದಳು. ಯಂತ್ರ ಒಮ್ಮೆ ಗೊರಕೆ ಹೊಡೆದು, ತನಗೆ ಗೊತ್ತಿದ್ದ ಅಕ್ಷರಗಳನ್ನೆಲ್ಲ ಸಾಲುಸಾಲಾಗಿ ಒದರಿತು. ತಾಹೇರಾ ಹಾಳೆ ಹರಿದು ಅವನ ಮುಂದಿಟ್ಟಳು.

ಗೆರೆಯಿರಲಿಲ್ಲ. ಎಲ್ಲಾ ಅಕ್ಷರ ಇಡಿಯಾಗಿದ್ದವು.

"ರಿಪೇರಿ ಮಾಡಿಸಿ ಸಾಕ್ಷಿ ಅಳಿಸಿದ್ದಾರೆ."

"ಮಾಡಿದ್ದು ನಾನೇ ಸರ್. ಅಕ್ಷರ ಗುದ್ದೋ ಹೆಡ್ಡಿನಲ್ಲಿ ಇಪ್ಪತ್ನಾಲ್ಕು ಸೂಜಿ ಇರ್ತವೆ. ಒಂದು ಸತ್ತರೆ ಅದು ಗುದ್ದಬೇಕಾದ ಜಾಗ ಬಿಳಿ ಉಳಿಯುತ್ತೆ. ಅದೇ ನಿಮ್ಮ ಗೆರೆ. ಜುಲೈ ಇಪ್ಪತ್ತೆರಡಕ್ಕೆ ಹೊಸ ಹೆಡ್ ಹಾಕಿದೆ." ಅವಳು ಎಣ್ಣೆ ಕಲೆಯ ಡೈರಿ ಬಿಚ್ಚಿದಳು.

"ನಿಮ್ಮ ಡೈರಿ, ನಿಮ್ಮ ಪೆನ್ನು."

"ನಂಬಬೇಡಿ. ನೀವೇ ತಂದಿರೋ ಕಟ್ಟು ಬಿಚ್ಚಿ. ಒಂದು ಸಲ ಹೊಡೆದರೆ ಮೂರು ಪ್ರತಿ. ಬಿಳಿ ರೈತರಿಗೆ, ಹಳದಿ ಕೇಂದ್ರಕ್ಕೆ, ಗುಲಾಬಿ ಇಲಾಖೆಗೆ."

ಹಳದಿ ಪ್ರತಿಗಳನ್ನು ಬೈರೇಶ್ ಒಂದೊಂದಾಗಿ ಹರಡಿದ. ಜುಲೈ ಇಪ್ಪತ್ತೊಂದರವರೆಗೆ ಗೆರೆ. ಇಪ್ಪತ್ಮೂರರಿಂದ ಇಲ್ಲ. ಆಗಸ್ಟ್ ನಾಲ್ಕರಂದು ಕೇಂದ್ರ ಕೊಟ್ಟಿದ್ದ ಮೂರು ಚೀಟಿಯಲ್ಲೂ ಇಲ್ಲ. ಬೈರಮಂಗಲದ ಏಳರಲ್ಲಿ ಮಾತ್ರ ಇದೆ.

ಉದಯಶಂಕರ ಕುರ್ಚಿಯಲ್ಲಿ ಮುಂದಕ್ಕೆ ಬಂದ. "ಹಾಗಾದರೆ ಆ ಹುಡುಗಿ. ಚೀಟಿ ಹೊಡೀತಿದ್ದ ಈಕೆ ಸೊಸೆ ಸೌಮ್ಯಶ್ರೀ. ಹೋದ ತಿಂಗಳು ಜಗಳ ಆಡಿ ಕೆಲಸ ಬಿಟ್ಟಳಂತಲ್ಲ?"

ಸೌಮ್ಯಶ್ರೀ ಕನಕಪುರದಿಂದ ಫೋನೆತ್ತಿದಳು. "ಚೀಟಿ ಕೆಳಗಿನ ಫೋನ್ ನಂಬರ್ ಓದಿ ಸರ್." ಓದಿದ. "ಅದು ಹಳೇದು. ಜುಲೈ ಮೊದಲನೇ ವಾರ ನಾನೇ ಹೊಸದು ಹಾಕಿದ್ದೆ. ಯಾರೋ ಹಳೇ ಚೀಟಿ ಇಟ್ಕೊಂಡು ನೋಡಿ ಮಾಡಿದ್ದಾರೆ. ನಾನಾಗಿದ್ರೆ ಅಷ್ಟು ದಡ್ಡತನ ಮಾಡ್ತಿರಲಿಲ್ಲ. ಜಗಳ ಆಡಿದ್ದು ನಿಜ. ಅತ್ತೆಗೆ ಹೇಳಿ, ಊಟ ಮಾಡಲಿ."

ತಾಹೇರಾ ಬಸವಲಿಂಗಮ್ಮನ ಕಡೆ ತಿರುಗಿದಳು. "ಅಮ್ಮ, ತೆಗೆದ ಹೆಡ್ಡು ನಿಮ್ಮ ಕೈಗೇ ಕೊಟ್ಟಿದ್ದೆ. ಎಲ್ಲಿ?"

"ಮಾಗಡೀಲಿ ಗುಜರಿ ಅಸದುಲ್ಲಾಗೆ ಹಾಕ್ಬುಟ್ನಲ್ಲವ್ವ. ಕೆಟ್ಟ ಕಬ್ಣ ಮನೇಲಿ ಯಾಕೆ ಅಂತ."

ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು.

*

ಅಸದುಲ್ಲಾ ತಕ್ಕಡಿಯ ಹಿಂದಿನಿಂದ ಏಳಲೇ ಇಲ್ಲ.

"ಪ್ರಿಂಟರ್ ಹೆಡ್ಡಾ? ಬಂದ ದಿನವೇ ಹೋಯ್ತು ಸಾಹೇಬ್ರೆ. ಗುಜರೀಲಿ ಚಿನ್ನ ಹುಡುಕೋರಿಗೂ ಇಷ್ಟು ಅರ್ಜೆಂಟ್ ಇರಲ್ಲ."

"ಯಾರು?"

"ಹೆಸರು ಕೇಳೋದು ಪೊಲೀಸ್ನೋರ ಕೆಲಸ, ನನ್ನದಲ್ಲ. ಕೈ ನೆನಪೈತೆ. ಮೊಣಕೈವರೆಗೂ ಸುಣ್ಣ. ಮನೆಗೆ ಬಣ್ಣ ಹೊಡೀತಿದ್ದೀರಾ ಅಂದೆ. ನಗಲಿಲ್ಲ."

ತಾಹೇರಾ ತಕ್ಷಣ ಡೈರಿ ತಿರುವಿದಳು. ಜ್ವರಕ್ಕೆ ಕೂತ ಹುಳುವಿನ ಮೇಲೆ ಸುಣ್ಣದ ಪುಡಿ ಉದುರಿಸುವುದು ಚಾಕಿಯವರ ರೂಢಿ.

"ಎಲ್ಲಾ ಹೆಡ್ಡೂ ಎಲ್ಲಾ ಪ್ರಿಂಟರಿಗೂ ಕೂರಲ್ಲ ಸರ್. ಈ ಮಾಡೆಲ್ ಇಟ್ಕೊಂಡಿರೋ ಚಾಕಿ ಕೇಂದ್ರ ಈ ತಾಲ್ಲೂಕಲ್ಲಿ ಮೂರು. ಒಂದು ಬಸವಲಿಂಗಮ್ಮಂದು. ಇನ್ನೊಂದು ಮೇ ತಿಂಗಳಿಂದ ನನ್ನ ಮನೇಲೇ ಬಿದ್ದಿದೆ, ರಿಪೇರಿಗೆ. ಮೂರನೇದು ಇಲ್ಲಿದೆ, ನೋಡಿ. ಜುಲೈ ಹದಿನೈದು. ಜಯಕುಮಾರ್, ಸಾವನದುರ್ಗದ ರಸ್ತೆ. ಹೆಡ್ ಪೂರ್ತಿ ಸತ್ತಿದೆ. ಹೊಸದು ಬೇಡ ಅಂದರು."

"ಪೂರ್ತಿ ಸತ್ತ ಹೆಡ್ಡಿಗಿಂತ ಒಂದು ಸೂಜಿ ಸತ್ತದ್ದು ವಾಸಿ," ಅಂದ ಉದಯಶಂಕರ.

"ಬೇಗ ಕಲೀತೀರಿ."

ಜೀಪಿನಲ್ಲಿ ಕೂತಿದ್ದ ಬೈರೇಶ್ ನಕ್ಕು, ಸಾಹೇಬರ ಮುಖ ನೋಡಿ ಗಾಡಿ ಶುರು ಮಾಡಿದ.

*

ಜಯಕುಮಾರ್ ಬಿಳಿ ಪಂಚೆಯ ಸಭ್ಯ ಮನುಷ್ಯ. ಕಾಫಿ ತರಿಸಿದ. ಶೆಡ್ಡಿನ ಪಕ್ಕ ಟೆಂಪೋ ನಿಂತಿತ್ತು.

"ಪ್ರಿಂಟರಾ? ಕೆಟ್ಟು ತಿಂಗಳ ಮೇಲಾಯ್ತು. ಈಗ ಕೈಯಲ್ಲೇ ಬರೆದು ಕೊಡ್ತೀವಿ. ಬೇಕಾದರೆ ನೋಡಿಕೊಳ್ಳಿ."

ಮೂಲೆಯ ಮೇಜಿನ ಮೇಲೆ ಪ್ರಿಂಟರಿತ್ತು. ಮುಚ್ಚಳ ತೆಗೆದರೆ ಹೆಡ್ಡಿನ ಜಾಗ ಖಾಲಿ. ಬೈರೇಶ್ ನಿಟ್ಟುಸಿರಿಟ್ಟ. ಉದಯಶಂಕರ ವಾಚು ನೋಡಿದ. ಹನ್ನೊಂದೂಕಾಲು.

ತಾಹೇರಾ ಬಗ್ಗಿದಳು. ಮೇಜು, ಮುಚ್ಚಳ, ವೈರು, ಎಲ್ಲದರ ಮೇಲೂ ಸುಣ್ಣದ ಧೂಳು. ಹೆಡ್ಡು ಓಡಾಡುವ ಉಕ್ಕಿನ ಸರಳು ಮಾತ್ರ ಹೊಳೆಯುತ್ತಿತ್ತು, ಈಚೆಗೆ ಹೆಡ್ಡು ಓಡಿದ ಗುರುತು. ಅವಳು ಟಾರ್ಚು ಹಿಡಿದು ಕಾಗದ ಬರುವ ದಾರಿಗೆ ಬೆರಳು ಹಾಕಿ ಏನನ್ನೋ ಕಿತ್ತಳು. ಗಾಯಕ್ಕೆ ಹಾಕುವ ಪಟ್ಟಿಯ ತುಂಡು.

"ಇದು ಯಾಕೆ ಅಂಟಿಸಿದ್ರಿ ಅಣ್ಣ?"

"ಅದಾ? ಪೇಪರ್ ಇನ್ನೂ ಅರ್ಧ ಹಾಳೆ ಇರುವಾಗಲೇ ಕೂಗಿ ನಿಂತುಬಿಡ್ತಿತ್ತು. ಕೊನೇ ತುಂಡು ದಂಡ ಆಗ್ತಿತ್ತು. ಎಲ್ಲರೂ ಅಂಟಿಸ್ತಾರೆ."

"ಹೌದು. ಎಲ್ಲರೂ ಅಂಟಿಸ್ತಾರೆ. ಎಲ್ಲರಿಗೂ ಬೈದಿದ್ದೀನಿ."

ಪಟ್ಟಿಯ ಅಡಿಯಲ್ಲಿದ್ದದ್ದು ಕಾಗದ ಮುಗಿದದ್ದನ್ನು ಯಂತ್ರಕ್ಕೆ ತಿಳಿಸುವ ಕಣ್ಣು. ಕಣ್ಣು ಮುಚ್ಚಿದರೆ ಯಂತ್ರ ಕಾಗದ ಮುಗಿದರೂ ಹೊಡೆಯುತ್ತಲೇ ಹೋಗುತ್ತದೆ. ಹಿಂದಿರುವ ರಬ್ಬರ್ ರೋಲರಿನ ಮೇಲೆ.

ಅವಳು ತೆಳ್ಳನೆಯ ಕಾಗದಕ್ಕೆ ಸ್ಪಿರಿಟ್ ಸವರಿ ರೋಲರಿಗೆ ಸುತ್ತಿದಳು. ಹೆಬ್ಬೆರಳಿನಿಂದ ಒತ್ತುತ್ತಾ ಗುಬಟನ್ನು ನಿಧಾನ ತಿರುಗಿಸಿದಳು. ಕಾಗದ ಬಿಡಿಸಿದಾಗ ಅದರ ಮೇಲೆ ಮಸುಕಾದ, ತಿರುಗುಮುರುಗಾದ ಮೂರು ಸಾಲು. ಜಯಕುಮಾರನ ಕಾಫಿ ಲೋಟ ಬಾಯಿಗೆ ಹೋಗಲಿಲ್ಲ.

ತಾಹೇರಾ ಹೊರಗೆ ನಡೆದು, ಶೆಡ್ಡಿನ ಪಕ್ಕದ ಟೆಂಪೋದ ಕನ್ನಡಿಗೆ ಕಾಗದ ಹಿಡಿದಳು. ಉದಯಶಂಕರ ಕನ್ನಡಿಯಲ್ಲಿ ಓದಿದ. 'ಬಸವಲಿಂಗಮ್ಮ ಚಾಕಿ ಕೇಂದ್ರ, ಕಲ್ಯ.' ಕೆಳಗೆ ಹಳೆಯ ಫೋನ್ ನಂಬರು. ಪ್ರತಿ ಅಕ್ಷರದ ಸೊಂಟಕ್ಕೆ ಒಂದು ಬಿಳಿ ಗೆರೆ.

"ಒಂದೇ ಬ್ಯಾಚು ಸಾರ್," ಅಂದ ಜಯಕುಮಾರ್. "ಸುಟ್ಟಿದ್ರೆ ನನ್ನ ಹೆಸರು ಕೆಡ್ತಿತ್ತು."

"ಅದಕ್ಕೆ ಆಕೆ ಹೆಸರು ಸುಟ್ಟೆ."

ಹೆಡ್ಡನ್ನು ಹಿಂದಿನ ಸಂಜೆ, ಕಲ್ಯಕ್ಕೆ ಸೀಲು ಬಿದ್ದ ಸುದ್ದಿ ಕೇಳಿದ ಮೇಲೆ, ತೋಟದ ಬಾವಿಗೆ ಎಸೆದಿದ್ದ.

*

ಜೀಪಿನಲ್ಲಿ ಉದಯಶಂಕರ ಎಲ್ಲವನ್ನೂ ತನಗೇ ಹೇಳಿಕೊಂಡ. ರೋಗದ ಮರಿ ಜಯಕುಮಾರನ ಕೇಂದ್ರದ್ದು. ತನ್ನನ್ನು ಕಂಡಿರದ ಊರು ಬೈರಮಂಗಲ, ನಂಬುವ ಹೆಸರು ಬಸವಲಿಂಗಮ್ಮಂದು. ಮಾದರಿಗೆ ಒಂದು ಹಳೇ ಚೀಟಿ, ಯಂತ್ರಕ್ಕೆ ಒಂದು ಗುಜರಿ ಹೆಡ್ಡು. ಅದು ಕಲ್ಯದ್ದೇ ಹೆಡ್ಡೆಂದು ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ ಆ ಗೆರೆ ಮೊದಲು ಆಕೆಯನ್ನು ಸಿಕ್ಕಿಸಿತು, ತಾಹೇರಾ ನೋಡಿದ ಮೇಲೆ ಬಿಡಿಸಿತು.

"ನಾನು ಗೆರೆ ನೋಡಿದೆ," ಅಂದ. "ನೀವು ತಾರೀಖು ನೋಡಿದ್ರಿ, ಮೇಡಂ."

"ನನ್ನ ಸ್ಕೂಟರ್ ಠಾಣೇಲೇ ಇದೆ," ಅಂದಳು ತಾಹೇರಾ. "ಮೊದಲು ಸೀಲು ಒಡೆಸಿ."

ಇಲಾಖೆಯವರ ಸಹಿಗೆ ಇನ್ನೂ ಎರಡು ಗಂಟೆ ಹಿಡಿಯಿತು. ಬಾಗಿಲು ತೆರೆದಾಗ ಎರಡೂಮುಕ್ಕಾಲು. ಹುಳು ಹನ್ನೆರಡಕ್ಕೇ ಎದ್ದು, ನಿನ್ನೆಯಿಂದ ಮುಚ್ಚಿದ್ದ ಕೋಣೆಯ ಸೆಕೆಯಲ್ಲಿ ಹಸಿದಿದ್ದವು. ಬಸವಲಿಂಗಮ್ಮ ಯಾರನ್ನೂ ನೋಡದೆ ಒಳಹೊಕ್ಕು ಸೊಪ್ಪು ಉದುರಿಸತೊಡಗಿದಳು. ಬೈರೇಶ್ ಬೂಟು ಬಿಚ್ಚಿಟ್ಟು ಬುಟ್ಟಿ ಹೊತ್ತ. ತಾಹೇರಾ ತಟ್ಟೆ ಎಣಿಸಿದಳು.

ಬೈರಮಂಗಲದಲ್ಲಿ ಸುಟ್ಟದ್ದು ಏಳು ಮನೆಯ ಸಾವಿರದ ಇನ್ನೂರು ಮೊಟ್ಟೆ ಹುಳು. ಕಲ್ಯದಲ್ಲಿ ಸತ್ತದ್ದು ನಲವತ್ತರಲ್ಲಿ ಒಂಬತ್ತು ತಟ್ಟೆ.