ಇಲ್ಲದ ಮರವನ್ನು ಸುತ್ತಿ ಹೋಗುವ ದಾರಿ

"ಯಾರ್ರೀ ಇಲ್ಲಿ ಹಗ್ಗ ಕಟ್ಟಿದ್ದು?!"

ಆ ಕೂಗಿಗೆ ಪಾರ್ಕಿನ ಪಾರಿವಾಳಗಳು ಒಟ್ಟಿಗೇ ಹಾರಿದವು. ಬೆಂಚಿನ ಮೇಲೆ ಉಸಿರಾಟದ ವ್ಯಾಯಾಮ ಮಾಡುತ್ತಿದ್ದ ದೊಡ್ಡ ಮನುಷ್ಯರೊಬ್ಬರು ಒಳಗೆಳೆದ ಉಸಿರನ್ನು ಹೊರಗೆ ಬಿಡುವುದನ್ನೇ ಮರೆತರು.

ಕೂಗಿದವಳು ಕನ್ನಡಕದ ಅಂಗಡಿಯ ಹುಡುಗಿ. ಅಂಗಡಿ ಅವಳ ಸೋದರಮಾವನದು. ಆದರೆ ಬಂದವರ ಕಣ್ಣು ಪರೀಕ್ಷಿಸಿ, ಯಾರಿಗೆ ಎಷ್ಟು ಕಾಣುತ್ತದೆ ಎಂದು ತೀರ್ಪು ಕೊಡುವವಳು ಇವಳೇ. ಈಗ ಅವಳ ಒಂದು ಕೈ ಅಜ್ಜಿಯ ತೋಳನ್ನು ಹಿಡಿದಿತ್ತು. ಇನ್ನೊಂದು ಕೈ, ಅಜ್ಜಿಯ ಮೊಣಕಾಲಿಗೆ ಅಡ್ಡ ಬಂದಿದ್ದ ಹಗ್ಗವನ್ನು.

ಇನ್ನೊಂದೇ ಒಂದು ಹೆಜ್ಜೆ ಇಟ್ಟಿದ್ದರೆ...!

ಹಗ್ಗದ ಆ ತುದಿಯಲ್ಲಿ ಮಂಡಿಯೂರಿ ಗೂಟ ಹೊಡೆಯುತ್ತಿದ್ದ ಎತ್ತರದ ಯುವಕ ಓಡಿ ಬಂದ. ಸುತ್ತಿಗೆಯನ್ನು ಏನು ಮಾಡುವುದೆಂದು ತಿಳಿಯದೆ ಬೆನ್ನ ಹಿಂದೆ ಅಡಗಿಸಿಕೊಂಡ.

"ನಾನೇ ಕಟ್ಟಿದ್ದು. ಈ ಬಡಾವಣೆಯ ಪಾರ್ಕುಗಳನ್ನೆಲ್ಲ ಹೊಸದಾಗಿ ಮಾಡೋ ಕೆಲಸ ನಂದು. ಅಳತೆ ತೆಗೀತಾ ಇದ್ದೆ. ಇಲ್ಲಿ ದಾರಿ ಇದೆ ಅಂತ ಗೊತ್ತಾಗಲಿಲ್ಲ..."

"ಗೊತ್ತಾಗಲಿಲ್ವಾ? ಕಣ್ಣು ಕಾಣಲ್ವಾ?"

ಅವನು ಕಣ್ಣು ಕಿರಿದು ಮಾಡಿ ನೋಡಿದ. ಸಾಲದೆ ಬಗ್ಗಿದ. ಕೊನೆಗೆ ಮೂಗು ಹುಲ್ಲಿಗೆ ತಾಗುವಷ್ಟು ಕೆಳಗಿಳಿದ.

"ಅರೆ... ಇದೆ!" ಕಳೆದುಹೋದ ಉಂಗುರ ಸಿಕ್ಕಿದವನ ಸಂತೋಷ ಅವನ ದನಿಯಲ್ಲಿತ್ತು. ಸವೆದ ಹುಲ್ಲಿನ ಜಾಡನ್ನು ಹಿಡಿದು ನಾಲ್ಕಾರು ಹೆಜ್ಜೆ ಹೋದವನು ಅಲ್ಲೇ ನಿಂತ. "ಇದ್ಯಾಕೆ ಇಲ್ಲಿ ಬಾಗಿದೆ? ಮುಂದೆ ಕಲ್ಲೂ ಇಲ್ಲ, ಗುಂಡಿಯೂ ಇಲ್ಲ. ಬಯಲಿನಲ್ಲಿ ಇಷ್ಟು ದೊಡ್ಡ ಸುತ್ತು!"

"ಅದು ನಿಮಗೆ ಬೇಡದ ವಿಷಯ. ಮೊದಲು ಹೋಗಿ ಕಣ್ಣು ತೋರಿಸ್ಕೊಳ್ಳಿ!"

ಅಜ್ಜಿ ಮಾತ್ರ ಶಾಂತವಾಗಿದ್ದಳು. ಕೈಗೋಲಿನಿಂದ ಹಗ್ಗವನ್ನು ತಟ್ಟಿ ನೋಡಿ, "ಬಿಗಿಯಾಗಿ ಕಟ್ಟಿದ್ದಾನೆ ಕಣೇ. ಕೆಲಸದಲ್ಲಿ ಮೋಸ ಇಲ್ಲ, ಈ ಗೂಟದ ಮಹಾರಾಯ," ಎಂದಳು.

ಹೀಗೆ ಅವನಿಗೆ ಆ ಹೆಸರು ಅಂಟಿಕೊಂಡಿತು.

ಮಾರನೆಯ ಸಂಜೆ ಅಂಗಡಿಯ ಬಾಗಿಲು ತೆರೆಯಿತು. ಅವನೇ!

"ಕಣ್ಣು ತೋರಿಸ್ಕೊಳ್ಳಿ ಅಂದಿದ್ರಿ."

"ಅದು ಬೈಗುಳ ಕಣ್ರೀ, ಸಲಹೆ ಅಲ್ಲ."

"ಎರಡೂ ಬೇರೆ ಬೇರೆ ಅಂತ ಗೊತ್ತಿರಲಿಲ್ಲ. ನಮ್ಮ ಮನೇಲಿ ಎರಡೂ ಒಂದೇ ದನಿಯಲ್ಲಿ ಬರುತ್ವೆ."

ಗಲ್ಲಾದ ಹಿಂದೆ ಕೂತಿದ್ದ ಮಾವ, ಒರೆಸಿಟ್ಟಿದ್ದ ಗಾಜನ್ನೇ ಮತ್ತೆ ಒರೆಸತೊಡಗಿದ. ಮಾವನ ಕಿವಿ ನಿಮಿರಿದಾಗಲೆಲ್ಲ ಅಂಗಡಿಯ ಗಾಜು ಹೊಳೆಯುತ್ತಿತ್ತು.

ಕಣ್ಣಿನ ಪರೀಕ್ಷೆ ಒಂದು ವಿಚಿತ್ರ ವೃತ್ತಿ. ಅಪರಿಚಿತರ ಮುಖಕ್ಕೆ ಇಷ್ಟು ಹತ್ತಿರ ಹೋಗಿ ಇಷ್ಟು ನೀರಸವಾದ ಪ್ರಶ್ನೆ ಕೇಳುವ ಕೆಲಸ ಇನ್ನೊಂದಿರಲಾರದು. ಅವಳು ಅವನ ಮೂಗಿನ ಮೇಲೆ ಭಾರವಾದ ಚೌಕಟ್ಟು ಕೂರಿಸಿ ಗಾಜುಗಳನ್ನು ಒಂದೊಂದಾಗಿ ಬದಲಿಸಿದಳು.

"ಇದು ಸ್ಪಷ್ಟವಾ? ಅದಾ?"

"ಅದು."

'ಅಯ್ಯೋ, ನಂಬರು ಇಷ್ಟೊಂದಾ! ಇಷ್ಟು ದಿನ ಈತ ಪ್ರಪಂಚವನ್ನು ಅಂದಾಜಿನಲ್ಲೇ ನೋಡಿದ್ದಾನೆ...' ಅವಳ ಕೋಪ ಒಂದು ಮೆಟ್ಟಿಲು ಇಳಿಯಿತು.

"ಈಗ ಏನು ಕಾಣ್ತಿದೆ?"

ಅವನು ಎದುರಿನ ಗೋಡೆಯ ಅಕ್ಷರಗಳನ್ನು ನೋಡಬೇಕಿತ್ತು. ನೋಡಿದ್ದು ಅವಳನ್ನು.

"ನಿಮ್ಮ ಕೋಪ. ನಿನ್ನೆ ಬರೀ ಕೇಳಿಸಿತ್ತು."

ಅವಳಿಗೆ ನಗು ತಡೆಯಲಾಗಲಿಲ್ಲ. ಮಾವನ ಗಾಜು ಇನ್ನಷ್ಟು ಹೊಳೆಯಿತು.

ಅವನ ನಂಬರಿನ ಗಾಜನ್ನು ದೂರದಿಂದ ತರಿಸಬೇಕಿತ್ತು. ಹೊರಡುವ ಮುಂಚೆ ಅವನು ತಡವರಿಸಿದ. "ಒಂದು ಉಪಕಾರ ಮಾಡ್ತೀರಾ? ನಕ್ಷೆಯಲ್ಲಿ ನಿಮ್ಮ ಪಾರ್ಕುಗಳೆಲ್ಲ ಬರೀ ಹಸಿರು ಚೌಕಗಳು. ಅಲ್ಲಿ ಯಾರು ಯಾಕೆ ಹೋಗ್ತಾರೆ ಅಂತ ನಕ್ಷೆಗೆ ಗೊತ್ತಿಲ್ಲ. ನಿಮಗೆ ಗೊತ್ತು."

ಅವಳು ಮಾವನ ಕಡೆ ನೋಡಿದಳು. ಮಾವ ಸೂರು ನೋಡುತ್ತಾ, "ಸಂಜೆ ಅಂಗಡೀಲಿ ಅಂಥ ಕೆಲಸವೇನಿಲ್ಲಪ್ಪ," ಎಂದು ಸೂರಿಗೇ ಹೇಳಿದ.

ಹುಟ್ಟಿದಾಗಿನಿಂದ ಅವಳು ಆ ಬಡಾವಣೆಯಲ್ಲೇ ಇದ್ದಳು. ಆದರೆ ಅದು ಇಷ್ಟು ಚೆಂದವಿದೆ ಎಂದು ಅವಳಿಗೆ ಗೊತ್ತಾದದ್ದು ಅರೆಗಣ್ಣಿನ ಆ ಮನುಷ್ಯನಿಂದ.

ನೀರಿನ ಟ್ಯಾಂಕಿನ ಹಿಂದೆ, ಯಾರೂ ಪಾರ್ಕೆಂದು ಕರೆಯದ ಒಂದು ಮುಕ್ಕೋನ ಜಾಗವಿತ್ತು. ಟ್ಯಾಂಕು ಸೋರಿ ಸೋರಿ ಅಲ್ಲಿ ಪಾಚಿ ಮಖಮಲ್ಲಿನಂತೆ ಹಬ್ಬಿತ್ತು. ಅವನು ಚಪ್ಪಲಿ ಬಿಟ್ಟು ಅದರ ಮೇಲೆ ನಿಂತ. "ಇದನ್ನ ಮುಟ್ಟಬಾರದು. ಟ್ಯಾಂಕನ್ನೂ ರಿಪೇರಿ ಮಾಡಬಾರದು!"

ರೈಲು ಹಳಿಯ ಪಕ್ಕದ ಉದ್ದನೆಯ ಪಟ್ಟಿಯಲ್ಲಿ ಕಾಡುಹೂವುಗಳು ಎದೆಯೆತ್ತರ ಬೆಳೆದಿದ್ದವು. ರೈಲು ಹೋದಾಗ ಅವೆಲ್ಲ ಒಂದೇ ಕಡೆ ಬಾಗಿ, ರೈಲು ದಾಟಿದ ಮೇಲೆ ಏನೂ ಆಗದವರಂತೆ ಎದ್ದು ನಿಲ್ಲುತ್ತಿದ್ದವು. ಅವನು ಇನ್ನೊಂದು ರೈಲಿಗಾಗಿ ಕಾದ, ಬರೀ ಅದನ್ನು ಮತ್ತೊಮ್ಮೆ ನೋಡಲಿಕ್ಕೆ.

ಹೊಸ ಮನೆಗಳ ನಡುವಿನ ಶ್ರೀಮಂತ ಪಾರ್ಕಿನಲ್ಲಿ ಗಿಡಗಳಿಗಿಂತ ಬೋರ್ಡುಗಳೇ ಹೆಚ್ಚು. ಹುಲ್ಲು ತುಳಿಯಬೇಡಿ, ಓಡಬೇಡಿ, ಕೂರಬೇಡಿ.

"'ಬರಬೇಡಿ' ಅಂತ ಒಂದೇ ಬೋರ್ಡು ಹಾಕಿದ್ರೆ ಖರ್ಚು ಉಳೀತಿತ್ತು," ಎಂದಳು ಅವಳು.

ಅವನು ಮಾತ್ರ ಬೋರ್ಡಿನ ಬುಡವನ್ನು ತೋರಿಸಿದ. ಅಲ್ಲಿ ಹುಲ್ಲು ಸವೆದು ಅಂದವಾದ ಕಾಲುದಾರಿ ಬಿದ್ದಿತ್ತು. "ನೋಡಿ! ಜನ ಬೋರ್ಡಿನ ಮಾತು ಕೇಳದೇ ಇರೋ ಕಡೆ ನಾನು ಕಲ್ಲು ಹಾಸ್ತೀನಿ. ನನ್ನ ಕೆಲಸ ಅಷ್ಟೇ. ದಾರಿ ಮಾಡೋರು ಅವರು."

ಇಂಥ ಒಂದು ಸಂಜೆ, ದೊಡ್ಡ ಪಾರ್ಕಿನ ಬೆಂಚಿನಲ್ಲಿ ಕೂತಿದ್ದಾಗ, ಅವಳಾಗಿಯೇ ಬಾಯಿ ಬಿಟ್ಟಳು.

"ಆ ಬಾಗು ಇದೆಯಲ್ಲ... ಅಲ್ಲಿ ಒಂದು ಮರ ಇತ್ತು. ಯಾವ ಮರ ಅಂತ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ 'ನನ್ನ ಮರ' ಅಂತಿದ್ದಳು, ಊರೆಲ್ಲ 'ಅಜ್ಜಿ ಮರ' ಅಂತಿತ್ತು. ನಾನು ಶಾಲೆಗೆ ಹೋಗ್ತಿದ್ದಾಗ ಬಿರುಗಾಳಿಗೆ ಬಿತ್ತು. ಬೊಡ್ಡೆಯನ್ನೂ ಕಿತ್ತುಕೊಂಡು ಹೋದ್ರು, ಹುಲ್ಲು ಬೆಳೀತು. ಅಜ್ಜಿ ಮಾತ್ರ ಈಗಲೂ ಅದನ್ನ ಸುತ್ತಿಕೊಂಡೇ ಹೋಗ್ತಾಳೆ."

ಅವನು ಆ ಬಾಗಿನ ಕಡೆ ತಿರುಗಿ ಕೂತ.

"ಮರ ಬಿದ್ದುಹೋಯ್ತಲ್ಲ ಅಜ್ಜಿ ಅಂದ್ರೆ, 'ಬಿದ್ದದ್ದು ಮರ ಕಣೇ, ನನ್ನ ದಾರಿ ಬಿದ್ದಿಲ್ವಲ್ಲ' ಅಂತಾಳೆ. ಈಗ ಅವಳ ಕಣ್ಣು ಪೂರ್ತಿ ಮಂಜು. ಊರಿನವರ ಕಣ್ಣೆಲ್ಲ ನೋಡ್ತೀನಿ, ಅವಳ ಕಣ್ಣಿಗೆ ನನ್ನ ಹತ್ತಿರ ಗಾಜಿಲ್ಲ..." ಅವಳು ದಾರಿಯ ಕಡೆ ಕೈ ತೋರಿಸಿದಳು. "ಕಾಲಿಗೆ ಗೊತ್ತಿರೋ ದಾರಿ ಅವಳಿಗೆ ಇದೊಂದೇ. ನಾನು ಕೈ ಬಿಟ್ಟರೂ ನಡೆಯೋದು ಇಲ್ಲಿ ಮಾತ್ರ. ಇದು ಹೋದ್ರೆ ಅವಳು ಮನೆ ಬಿಟ್ಟು ಹೊರಗೆ ಬರಲ್ಲ."

ಅವನು ಆ ಖಾಲಿ ಹುಲ್ಲನ್ನು ನೋಡಿದ. "ಹೂಂ," ಎಂದ.

ಬರೀ ಹೂಂ! ಬೇರೆ ಯಾರಾದರೂ ಆಗಿದ್ದರೆ ಅವಳಿಗೆ ಬೇಸರವಾಗುತ್ತಿತ್ತು. ಆದರೆ ಆ ಹೂಂಕಾರವನ್ನು ಅವಳು ಮನೆಯವರೆಗೂ ಜೋಪಾನವಾಗಿ ತಂದಳು. ಪ್ರೀತಿಯಲ್ಲಿ ಬಿದ್ದವರ ಲಕ್ಷಣವೇ ಅದು, ಒಂದು ಹೂಂಕಾರದಲ್ಲಿ ಹತ್ತು ಪುಟ ಓದುತ್ತಾರೆ.

ಆ ವಾರ ಕಳೆಯುವಷ್ಟರಲ್ಲಿ ಒಂದು ಬೆಳಿಗ್ಗೆ ಅವಳು ಒಬ್ಬಳೇ ಪಾರ್ಕಿಗೆ ಬಂದಳು. ಬಂದವಳು ಕಲ್ಲಾಗಿ ನಿಂತಳು.

ಗೇಟಿನಿಂದ ಆಚೆ ಗೇಟಿನವರೆಗೆ ಬಿಗಿಯಾಗಿ, ನೆಟ್ಟಗೆ, ಒಂದು ಹಗ್ಗ! ಉದ್ದಕ್ಕೂ ಗೂಟಗಳು, ಕೊನೆಯ ಗೂಟದ ಬಳಿ ಸುತ್ತಿಗೆ ಹಿಡಿದ ಅವನು. ಅಜ್ಜಿಯ ಬಾಗನ್ನು ಪಕ್ಕಕ್ಕೆ ತಳ್ಳಿ, ಅದು ಇರಲೇ ಇಲ್ಲವೇನೋ ಎಂಬಂತೆ ಆ ಗೆರೆ ಸಾಗಿತ್ತು.

"ಇದೇನು?"

"ದಾರಿಯ ಕೆಲಸ ಶುರು. ಇದು ನೆಟ್ಟಗಿನ ಗೆರೆ, ಯಾಕಂದ್ರೆ..."

"ನೆಟ್ಟಗಿದೆ ಅಂತ ಕಾಣ್ತಾ ಇದೆ! ನನ್ನ ಕಣ್ಣು ಚೆನ್ನಾಗೇ ಇದೆ!"

"ಅಲ್ಲ, ಯಾಕಂದ್ರೆ..."

"ಯಾರಿಗೂ ಹೇಳದೇ ಇದ್ದದ್ದನ್ನ ನಿಮಗೆ ಹೇಳಿದೆ. ಕೇಳಿಸಿಕೊಂಡು ಹೂಂ ಅಂದ್ರಿ. ನಿಮಗೆ ಅದು ಬರೀ ಡೊಂಕು, ಅಲ್ವಾ? ನೆಟ್ಟಗೆ ಮಾಡಿಬಿಟ್ರಿ!"

"ಯಾಕಂದ್ರೆ..."

ಅವಳು ಆಗಲೇ ಬೆನ್ನು ತಿರುಗಿಸಿದ್ದಳು. ಕಣ್ಣೀರು ಒರೆಸಿಕೊಳ್ಳಲು ಸಹ ಕೈ ಎತ್ತಲಿಲ್ಲ. ಎತ್ತಿದರೆ ಹಿಂದಿನಿಂದ ಅವನಿಗೆ ಗೊತ್ತಾಗುತ್ತದಲ್ಲ!

ಮರುದಿನವೇ ಪಾರ್ಕಿನ ಸುತ್ತ ತಗಡು ನಿಂತಿತು. ಒಳಗಿನಿಂದ ಗುದ್ದಲಿ, ಕಲ್ಲುಗಳ ಸದ್ದು ಬರುತ್ತಿತ್ತು. ಅವಳು ಕೆಲಸಕ್ಕೆ ಹೋಗಲು ಬೇರೆ ಬೀದಿ ಹಿಡಿದಳು. ಅಜ್ಜಿ ಕಿಟಕಿಯ ಪಕ್ಕದ ಕುರ್ಚಿ ಹಿಡಿದಳು.

"ನನ್ನ ಮರ ಹೇಗಿದೆಯೇ, ಪುಟ್ಟಿ?"

"ಕೆಲಸ ನಡೀತಿದೆ ಅಜ್ಜಿ."

"ಆ ಮಹಾರಾಯ ಏನಂತಾನೆ?"

"ಗೊತ್ತಿಲ್ಲ."

"ಓಹೋ," ಎಂದಳು ಅಜ್ಜಿ. ಅವಳ ಓಹೋ, ಅವನ ಹೂಂಗಿಂತ ಉದ್ದವಾಗಿತ್ತು.

ಗಾಜು ಬಂತು. ಅವನೂ ಬಂದ. ಅವಳು ಒಳಕೋಣೆಯ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಳು. ಕನ್ನಡಕ ಕೊಟ್ಟು ಕಳಿಸಿದ್ದು ಮಾವ.

"ನೋಡಮ್ಮಾ," ಆಮೇಲೆ ಮಾವ ಹೇಳಿದ, "ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಹೊಸ ಕನ್ನಡಕ ಹಾಕ್ಕೊಂಡವರು ಮೊದಲು ನೋಡೋದು ಕನ್ನಡಿ. ಇವನು ಪರದೆ ನೋಡಿದ. ಪರದೆ ಅಲ್ಲಾಡ್ತಾ ಇತ್ತು ಬೇರೆ."

"ಮಾವ!"

"ನಾನೇನೂ ಹೇಳಲಿಲ್ಲಪ್ಪ," ಎಂದು ಮಾವ ಗಾಜು ಒರೆಸಲು ಕೂತ.

ಒಂದು ಭಾನುವಾರ ತಗಡು ಇಳಿಯಿತು. ಅಜ್ಜಿ ಬೆಳಿಗ್ಗೆಯೇ ಕೋಲು ಹಿಡಿದು ಬಾಗಿಲಲ್ಲಿ ತಯಾರು!

"ಬೇಡ ಅಜ್ಜಿ... ಮೊದಲಿನ ಹಾಗಿಲ್ಲ ಅದು."

"ನಾನೇನು ಮೊದಲಿನ ಹಾಗಿದ್ದೀನಾ? ನಡಿಯೇ."

ಗೇಟಿನ ಹತ್ತಿರ ಅಜ್ಜಿ ಎಂದಿನಂತೆ ಕೈ ಕೊಡವಿಕೊಂಡಳು. ಇಲ್ಲಿಂದ ಮುಂದೆ ಅವಳದು ಸ್ವಂತ ನಡಿಗೆ. ಹುಡುಗಿ ಮುಂದಿನ ದಾರಿ ನೋಡಲು ಮನಸ್ಸಾಗದೆ, ಅಜ್ಜಿಯ ಪಾದಗಳನ್ನಷ್ಟೇ ನೋಡುತ್ತಾ ಹಿಂದೆ ನಡೆದಳು. ಅಜ್ಜಿ ತನ್ನ ರೂಢಿಯಂತೆ ಬಾಗಿದರೆ, ನೆಟ್ಟಗಿನ ದಾರಿ ತಪ್ಪಿ ಕಲ್ಲಂಚಿಗೆ ಎಡವುತ್ತಾಳೆ! 'ಹಿಡಿಯಲೇ? ಹಿಡಿದರೆ ಇನ್ನೆಂದೂ ಒಬ್ಬಳೇ ನಡೆಯಲಾರಳು...'

ಅಜ್ಜಿಯ ಕೋಲು ಹೊಸ ಕಲ್ಲಿನ ಮೇಲೆ ಟಕ್ ಟಕ್ ಎಂದಿತು. ಬಾಗಬೇಕಾದ ಜಾಗ ಬಂತು. ಅಜ್ಜಿ ಬಾಗಿದಳು.

ಕಲ್ಲು ಹಾಸಿದ ದಾರಿಯೂ ಅವಳೊಂದಿಗೆ ಬಾಗಿತು!

ಹೆಜ್ಜೆಗೆ ಹೆಜ್ಜೆ, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ, ಹಳೆಯ ಹುಲ್ಲಿನ ಜಾಡಿನ ಮೇಲೆಯೇ ಅದು ಸುತ್ತಿ ಹೋಗಿತ್ತು. ಸುತ್ತಿನ ನಡುವೆ ಅಜ್ಜಿ ನಿಂತಳು. ಎಷ್ಟೋ ವರ್ಷಗಳಿಂದ ಗಾಳಿಯನ್ನು ಮಾತ್ರ ಮುಟ್ಟುತ್ತಿದ್ದ ಕೈಯನ್ನು ಎಂದಿನಂತೆ ಚಾಚಿದಳು. ಬೆರಳಿಗೆ ಎಲೆ ತಾಗಿತು.

"ಪುಟ್ಟೀ!" ಅಜ್ಜಿಯ ದನಿ ಒಡೆಯಿತು. "ನನ್ನ ಮರ ಚಿಕ್ಕದಾಗಿಬಿಟ್ಟಿದೆ ಕಣೇ!"

ಸೊಂಟದೆತ್ತರದ ಸಸಿ. ಬುಡದಲ್ಲಿ ಮಣ್ಣು ಇನ್ನೂ ಒದ್ದೆಯಿತ್ತು. ಆಚೆ ಬದಿಯಲ್ಲಿ ಖಾಲಿ ಬಿಂದಿಗೆ ಹಿಡಿದು, ಹೊಸ ಕನ್ನಡಕ ಹಾಕಿಕೊಂಡು ಗೂಟದ ಮಹಾರಾಯ ನಿಂತಿದ್ದ.

ಅಜ್ಜಿ ಎಲೆಯನ್ನು ತಿಕ್ಕಿ ಮೂಸಿದಳು. "ಇದು ಬೇರೆ ಜಾತಿ."

"ಆ ಮರದ ಜಾತಿ ಯಾರಿಗೂ ಗೊತ್ತಿರಲಿಲ್ಲ ಅಜ್ಜಿ. ಕೇಳದ ಮನೆಯಿಲ್ಲ."

"ಇರಲಿ ಬಿಡಪ್ಪ. ಇದನ್ನೂ ಸುತ್ತಿಕೊಂಡೇ ಹೋಗ್ತೀನಿ." ಕಣ್ಣೊರೆಸಿಕೊಂಡು, ಕೋಲೂರಿ ಅಜ್ಜಿ ತನ್ನ ಪಾಡಿಗೆ ಮುಂದೆ ನಡೆದಳು, ರಾಣಿಯ ಹಾಗೆ.

ಹುಡುಗಿ ಅವನ ಕಡೆ ತಿರುಗಿದಳು. "ಆ ನೆಟ್ಟಗಿನ ಹಗ್ಗ...?"

"ಬಾಗನ್ನ ಅಳೆಯೋದಕ್ಕೆ. ಪಕ್ಕದಲ್ಲಿ ಒಂದು ನೆಟ್ಟಗಿನ ಗೆರೆ ಎಳೆದು, ಅದರಿಂದ ಹೆಜ್ಜೆ ಹೆಜ್ಜೆಗೂ ದಾರಿ ಎಷ್ಟು ದೂರ ಸರೀತು ಅಂತ ಅಳೀಬೇಕು. ಇಲ್ಲದಿದ್ರೆ ಅಜ್ಜಿಯ ಸುತ್ತು ನನ್ನ ಅಂದಾಜಿನ ಸುತ್ತಾಗಿಬಿಡ್ತಿತ್ತು."

"ಹೇಳಬಾರದಿತ್ತಾ?!"

"ಮೂರು ಸಲ 'ಯಾಕಂದ್ರೆ' ಅಂದೆ."

"ಜೋರಾಗಿ ಹೇಳಬೇಕಿತ್ತು."

"ನಿಮಗಿಂತ ಜೋರಾಗಿಯಾ?"

ಅವಳು ಅಳುತ್ತಳುತ್ತಲೇ ನಕ್ಕಳು. "ತಪ್ಪಾಯ್ತು... ಕೇಳಿಸಿಕೊಳ್ಳಲೇ ಇಲ್ಲ ನಾನು."

ಅವನು ಬಿಂದಿಗೆ ಕೆಳಗಿಟ್ಟ. "ಜನ ಹೋಗೋ ಕಡೆ ದಾರಿ ಮಾಡೋದು ನನ್ನ ಕೆಲಸ. ನೀವು ಬರೋದು ನಿಲ್ಲಿಸಿದ ಮೇಲೆ... ನಾನು ಯಾವ ಕಡೆ ಹೋಗಬೇಕು ಅನ್ನೋದೇ ಗೊತ್ತಾಗಲಿಲ್ಲ. ನೀವಿರೋ ಕಡೆಗೇ ನನಗೆ ಹೋಗಬೇಕು ಅನ್ಸುತ್ತೆ. ಯಾವಾಗಲೂ."

ಅವಳು ಹತ್ತಿರ ಬಂದಳು, ಪರೀಕ್ಷೆಯ ದಿನದಷ್ಟೇ ಹತ್ತಿರ. ಕನ್ನಡಕ ಒಂದು ಕಡೆ ಜಾರಿತ್ತು. ಎರಡೂ ಕೈಯಿಂದ ಅದನ್ನು ಮೆಲ್ಲಗೆ ಸರಿಪಡಿಸಿದಳು. ಕೈಗಳು ಅವನ ಕಿವಿಯ ಹತ್ತಿರವೇ ಉಳಿದವು.

"ಮಾವ ಕೂರಿಸಿದ್ದಾ? ಅದಕ್ಕೇ ಹೀಗಿದೆ. ಈಗ ಏನು ಕಾಣ್ತಿದೆ?"

"ಕೋಪ ಕಾಣ್ತಾ ಇಲ್ಲ."

"ಮತ್ತೆ?"

"ಹೇಳಿದ್ರೆ ಅಜ್ಜಿಗೆ ಕೇಳಿಸುತ್ತೆ."

"ಮಂಜಾಗಿರೋದು ನನ್ನ ಕಣ್ಣು ಕಣಪ್ಪ, ಕಿವಿಯಲ್ಲ!" ದಾರಿಯ ತುದಿಯಿಂದ ಅಜ್ಜಿ ಕೂಗಿದಳು. "ನಾನು ಇನ್ನೊಂದು ಸುತ್ತು ಹೋಗಿ ಬರ್ತೀನಿ. ಅಷ್ಟರಲ್ಲಿ ಹೇಳಿ ಮುಗಿಸು!"

ಕೋಲಿನ ಸದ್ದು ದೂರ ಹೋಯಿತು. ಅವನು ಕೇಳಿದ, "ನಾಳೆ ಸಂಜೆ ರೈಲು ಹಳಿ ಪಕ್ಕದ ಪಟ್ಟಿಗೆ ಬರ್ತೀರಾ? ಅಲ್ಲಿ ಇನ್ನೂ ದಾರಿ ಬಿದ್ದಿಲ್ಲ."

"ದಾರಿ ಬೀಳಬೇಕಾದ್ರೆ ದಿನಾ ನಡೀಬೇಕಾಗುತ್ತಲ್ಲ?"

"ದಿನಾ."

"ಒಬ್ಬರೇ ನಡೆದ್ರೆ ತುಂಬಾ ವರ್ಷ ಹಿಡಿಯುತ್ತೆ, ಅಲ್ವಾ?"

"ಇಬ್ಬರು ನಡೆದರೂ ತುಂಬಾ ವರ್ಷ ಹಿಡಿಯುತ್ತೆ."

ಅವಳು ಅವನ ಕೈ ಹಿಡಿದಳು.

"ಹಾಗಾದ್ರೆ... ನಿಧಾನಕ್ಕೇ ನಡೆಯೋಣ."