ದೋಣಿಕಟ್ಟೆಯ ಮೇಲೆ ಕೇಳಿದ ಕ್ಷಮೆ

"ಬ್... ಬ್... ಬ್..."

ಹಿಂದಿನಿಂದ ಯಾರೋ ಏನೋ ಹೇಳಲು ಒದ್ದಾಡುತ್ತಿರುವುದು ಕೇಳಿಸಿತು. ಬ್ರಯೋನಿ ತಿರುಗಿ ನೋಡಲಿಲ್ಲ. ಅವಳ ಒಂದು ಕಾಲು ಆಗಲೇ ದೋಣಿಯತ್ತ ಚಾಚಿತ್ತು.

ಮರುಕ್ಷಣವೇ ಒರಟು ಕೈಯೊಂದು ಅವಳ ತೋಳು ಹಿಡಿದು ಹಿಂದಕ್ಕೆಳೆಯಿತು. ಹಲಗೆಗಳ ಮೇಲೆ ಧೊಪ್ಪನೆ ಬಿದ್ದಳು. ಹೊಸ ಹಳದಿ ಫ್ರಾಕು ಮೊಣಕಾಲ ಹತ್ತಿರ ಪರ್ರೆಂದು ಹರಿಯಿತು.

ಎದ್ದವಳೇ ಎಳೆದವನ ಕೆನ್ನೆಗೆ ಬಾರಿಸಿದಳು!

ಮೇ ತಿಂಗಳ ರಜೆಯ ಸೋಮವಾರ. ಥಾರ್ನ್‌ವಿಕ್ ಊರಿಗೆ ಊರೇ ಪಾರ್ಕಿನ ಕೆರೆಯ ದಂಡೆಯಲ್ಲಿತ್ತು. ಐಸ್‌ಕ್ರೀಂ ಹಿಡಿದವರು, ನಾಯಿ ಹಿಡಿದವರು, ಮಕ್ಕಳನ್ನು ಹೆಗಲ ಮೇಲೆ ಹೊತ್ತವರು, ಎಲ್ಲರೂ ತಿರುಗಿ ನೋಡಿದರು.

"ಮೈ ಮುಟ್ಟೋಕೆ ಎಷ್ಟು ಧೈರ್ಯ ನಿಮಗೆ?"

ಅವನು ನೀರಿನತ್ತ ಕೈ ತೋರಿಸಿದ. ಹಗ್ಗ ಕಟ್ಟಿರದ ದೋಣಿ ಕಟ್ಟೆಯಿಂದ ಸರಿದು ಆಗಲೇ ಎರಡು ಮಾರು ದೂರ ಹೋಗಿತ್ತು. ಕಾಲಿಟ್ಟಿದ್ದರೆ ನೇರ ಕೆರೆಯೊಳಗೆ. ಹಿಂದೊಮ್ಮೆ ಮರಳು ತೆಗೆದ ಹಳ್ಳವೇ ಈಗಿನ ಕೆರೆ, ದಂಡೆಯಲ್ಲೇ ಆಳ.

ಬ್ರಯೋನಿಯ ಮುಖ ಕಿವಿಯವರೆಗೂ ಕೆಂಪಾಯಿತು.

"ನ... ನನ್ನ ಮಾತಿಗಿಂತ ಕೈ ಮುಂಚೆ ಹೋಗತ್ತೆ," ಅವನು ಕೆನ್ನೆ ಸವರಿಕೊಳ್ಳುತ್ತ ನಕ್ಕ. "ನಿಮ್ಮದೂ ಹಾಗೇ ಅನ್ಸತ್ತೆ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಅವನ ಹೆಸರು ಗಿಡಿಯನ್. ಪಾರ್ಕಿನಲ್ಲಿ ದೋಣಿಗಳನ್ನು ಬಾಡಿಗೆಗೆ ಕೊಡುವ ಕೆಲಸ. ಅವಳು ಪೇಟೆಬೀದಿಯ ಸಲೂನಿನಲ್ಲಿ ಹೆಂಗಸರ ಕೂದಲು ಕತ್ತರಿಸುವವಳು. ಮುಂದಿನ ಭಾನುವಾರ ಅವಳೇ ಮತ್ತೆ ಹೋದಳು. ಅದರ ಮುಂದಿನ ಭಾನುವಾರವೂ...

ಅವನು ಅವಳನ್ನು ಜನ ಹೋಗದ ಕೆರೆಗಳಿಗೆ ಕರೆದೊಯ್ದ. ಒಂದರಲ್ಲಿ ಮರಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಈಜುವ ನೀರುಹಕ್ಕಿ. ಇನ್ನೊಂದರ ದಂಡೆಯಲ್ಲಿ ಕಾಡುಸ್ಟ್ರಾಬೆರಿ. ಚೀಸ್ ಸ್ಯಾಂಡ್‌ವಿಚ್, ಫ್ಲಾಸ್ಕಿನ ಚಹಾ, ಒಂದೇ ಕಂಬಳಿ. ಮೊದಲ ಮುತ್ತಿಟ್ಟದ್ದೂ ಅವಳೇ.

ಆದರೆ ಒಂದು ಮುಳ್ಳು ಅವಳೊಳಗೆ ಚುಚ್ಚುತ್ತಲೇ ಇತ್ತು.

ಗಿಡಿಯನ್ ಒಮ್ಮೆಯೂ ಅವಳ ಹೆಸರು ಹಿಡಿದು ಕರೆದಿರಲಿಲ್ಲ!

'ಕೇಳು' ಅನ್ನುತ್ತಿದ್ದ. 'ಇಲ್ನೋಡು' ಅನ್ನುತ್ತಿದ್ದ. ಅವನ ತಾಯಿ ವಿನಿಫ್ರೆಡ್ ಬಾಗಿಲು ತೆರೆದು, "ಯಾರಪ್ಪಾ ಈ ಹುಡುಗಿ?" ಎಂದಾಗಲೂ, "ಇವಳು... ನಾನು ಹೇಳಿದ್ನಲ್ಲ, ಅವಳು," ಎಂದು ತಲೆ ತಗ್ಗಿಸಿದ್ದ.

'ನನ್ನ ಹೆಸರು ಹೇಳೋಕೂ ನಾಚಿಕೆಯಾ ಇವನಿಗೆ? ನಾನು ಇವನಿಗೆ ಬರೀ ಬೇಸಿಗೆಯ ಹುಡುಗಿಯಾ?'

ಕೇಳಬೇಕಿತ್ತು. ಕೇಳಲಿಲ್ಲ.

ಜುಲೈ ಕೊನೆಯ ಒಂದು ಸಂಜೆ, ಸಲೂನಿನ ಗೆಳತಿ ಜಾಸ್ಲಿನ್‌ಳ ಹುಟ್ಟುಹಬ್ಬ. ಕೆರೆಯ ಪಕ್ಕದ ಪಬ್‌ನಲ್ಲಿ ಗೆಳತಿಯರೆಲ್ಲ ಸೇರಿದ್ದರು. ಬ್ರಯೋನಿ ಹೊಟ್ಟೆಗೆ ಏನೂ ಹಾಕಿಕೊಳ್ಳದೆ ವೈನ್ ಮೇಲೆ ವೈನ್ ಕುಡಿದಿದ್ದಳು.

"ಎಲ್ಲೇ ನಿನ್ನ ದೋಣಿಯವನು?" ಜಾಸ್ಲಿನ್ ಕೆಣಕಿದಳು.

"ಕೆಲಸ ಮುಗಿಸಿ ಬರ್ತಾನೆ."

"ಬಂದು? 'ಹ್ಯಾಪಿ ಬರ್ತ್‌ಡೇ' ಅಂತ ಶುರು ಮಾಡಿದ್ರೆ ಮುಂದಿನ ವರ್ಷದ ಹುಟ್ಟುಹಬ್ಬಕ್ಕೆ ಮುಗಿಯತ್ತೆ!"

ಎಲ್ಲರೂ ಹೋ ಎಂದು ನಕ್ಕರು.

"ಅವನಿಗೆ ನಿನ್ನ ಹೆಸರಾದ್ರೂ ಗೊತ್ತೇನೇ? 'ಏಯ್' ಅಂತಾನೇ ಕರೀತಾನೆ ಅಂದಿದ್ಯಲ್ಲ, ನಾಯಿ ಕರೆದಂಗೆ!"

ಆ ಮಾತು ಸರಿಯಾಗಿ ಗಾಯದ ಮೇಲೇ ಬಿತ್ತು. ಅಳಬಾರದೆಂದು ಬ್ರಯೋನಿ ನಕ್ಕಳು. ನಕ್ಕು ಎದ್ದು ನಿಂತಳು. ಗಿಡಿಯನ್‌ನಂತೆಯೇ ಕತ್ತು ಚಾಚಿದಳು, ಕಣ್ಣು ಬಿಗಿದಳು, ತುಟಿ ನಡುಗಿಸಿದಳು.

"ಬ್... ಬ್... ಬ್... ಬ್ಬ್ರ..."

ಇಡೀ ಮೇಜು ನಗುವಿನಿಂದ ಅಲುಗಾಡಿತು. ಜಾಸ್ಲಿನ್ ಫೋನ್ ಎತ್ತಿ ಹಿಡಿದಳು. "ಇನ್ನೊಂದ್ಸಲ, ಇನ್ನೊಂದ್ಸಲ!"

ಬ್ರಯೋನಿ ಇನ್ನೊಂದು ಸಲ ಮಾಡಿದಳು. ಈ ಬಾರಿ ಇನ್ನೂ ಚೆನ್ನಾಗಿ.

ನಗು ತಟ್ಟನೆ ನಿಂತಿತು.

ಅವಳು ತಿರುಗಿದಳು. ಗಿಡಿಯನ್ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಒದ್ದೆಮಾಡಿ ಬಾಚಿದ ತಲೆ. ಅವಳ ಗೆಳತಿಯರನ್ನು ಮೊದಲ ಸಲ ನೋಡಲು ಬಂದಿದ್ದ.

"ಗಿಡಿಯನ್... ನಾನು... ಅದು ಸುಮ್ನೆ ತಮಾಷೆಗೆ..."

ಅವನು ಬಾಯಿ ತೆರೆದ. ಮಾತು ಹೊರಡಲಿಲ್ಲ. ಕತ್ತಿನ ನರ ಉಬ್ಬಿತು, ಕಣ್ಣು ಬಿಗಿಯಿತು.

"ಬ್... ಬ್... ಬ್ರಯೋನಿ."

ಮೊದಲ ಸಲ!

"ನಂಗೆ ಎಲ್ಲಕ್ಕಿಂತ ಕಷ್ಟದ ಅಕ್ಷರ ಇದು. ನಿನ್ನ ಹೆಸರನ್ನ ಹಾಳು ಮಾಡಿ ಕರೆಯೋಕೆ ಮನಸ್ಸಾಗ್ಲಿಲ್ಲ. ಅದಕ್ಕೇ... ಕರೀತಿರಲಿಲ್ಲ."

ಹೊರಟುಹೋದ.

ಮರುದಿನದೊಳಗೆ ಆ ವಿಡಿಯೊ ಊರಿನ ಫೋನುಗಳನ್ನೆಲ್ಲ ಸುತ್ತಿತು. ಅಳಿಸಿಬಿಡು ಎಂದು ಬ್ರಯೋನಿ ಅಂಗಲಾಚಿದಾಗ, "ನಾನು ಅಳಿಸಿದ್ರೆ ಏನು ಬಂತು? ಎಲ್ಲರ ಹತ್ರಾನೂ ಇದೆ ಕಣೇ," ಎಂದಳು ಜಾಸ್ಲಿನ್. ಥಾರ್ನ್‌ವಿಕ್‌ನ ಜನ ಕೆಟ್ಟವರೇನಲ್ಲ. ನಗಲು ಏನಾದರೂ ಸಿಕ್ಕರೆ ಸಾಕು, ಅಷ್ಟೇ. ಕೆರೆಯ ಮಧ್ಯದಿಂದ ಪಡ್ಡೆಗಳು 'ಬ್ಬ್ಬ್ಬ್' ಎಂದು ಕೂಗಿದರು. ಟಿಕೆಟ್ ಕೊಳ್ಳಲು ಬಂದವರು ತುಟಿ ಕಚ್ಚಿ ನಗು ತಡೆದರು. ಗಿಡಿಯನ್ ಮಾತಾಡುವುದನ್ನೇ ಬಿಟ್ಟ. ಬೆರಳಲ್ಲಿ ತೋರಿಸಿ ಕೆಲಸ ನಡೆಸಿದ.

ಬ್ರಯೋನಿ ಫೋನ್ ಮಾಡಿದಳು, ಎತ್ತಲಿಲ್ಲ. ಮನೆಗೆ ಹೋದಳು. ವಿನಿಫ್ರೆಡ್ ಅರ್ಧ ಬಾಗಿಲು ತೆರೆದು, "ಅವನು ಶಾಲೆಗೆ ಹೋಗ್ತಿದ್ದಾಗ ಇಂಥವರು ತುಂಬ ಜನ ಬಂದು ಸಾರಿ ಕೇಳ್ತಿದ್ರಮ್ಮ. ಅಭ್ಯಾಸ ಇದೆ ನನಗೆ," ಎಂದು ಮುಚ್ಚಿದಳು.

ಕೊನೆಗೆ ಆಗಸ್ಟಿನ ರಜೆಯ ದಿನ ದೋಣಿಯ ಸಾಲಿನಲ್ಲೇ ಹೋಗಿ ನಿಂತಳು. ಬಿಸಿಲು ಸುಡುತ್ತಿತ್ತು. ಹಿಂದೆ ಮುಂದೆ ಜನವೋ ಜನ. ಕೊನೆಗೂ ಅವಳ ಸರದಿ ಬಂತು.

"ಗಿಡಿಯನ್, ನನ್ನ ಕ್ಷಮಿಸು."

ಅವನು ಅವಳನ್ನೇ ನೋಡಿದ. ಆ ಕಣ್ಣುಗಳಲ್ಲಿ ಅವಳಿಗೆ ಗೊತ್ತಿದ್ದ ಗಿಡಿಯನ್ ಇರಲಿಲ್ಲ.

"ಹೀಗಲ್ಲ," ಪಿಸುಗುಟ್ಟಿದ, ಅವಳಿಗೊಬ್ಬಳಿಗೇ ಕೇಳುವಂತೆ. "ಪ... ಪಬ್ಬಲ್ಲಿ ಮಾಡಿದ್ಯಲ್ಲ, ಆ ಧ್ವನೀಲಿ ಕೇಳು. ಜೋರಾಗಿ. ಇವರೆಲ್ಲರ ಮುಂದೆ."

"ಗಿಡಿಯನ್, ದಯವಿಟ್ಟು..."

"ಆಗಲ್ವಾ? ಅವತ್ತು ಚೆನ್ನಾಗಿ ಮಾಡಿದ್ಯಲ್ಲ."

ಅವಳು ಕಣ್ಣು ಮುಚ್ಚಿದಳು.

"ಕ್... ಕ್... ಕ್ಷ... ಕ್ಷಮಿಸು... ಗ್... ಗ್... ಗಿಡಿಯನ್!"

ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಇನ್ನೊಬ್ಬರು ಅವಳನ್ನು ಗುರುತು ಹಿಡಿದರು.

"ಆ ವಿಡಿಯೊದವಳೇ ಇವಳು! ಮತ್ತೆ ಅಣಕಿಸೋಕೆ ಬಂದಿದಾಳೆ, ಅವನ ಎದುರಿಗೇ!"

"ನಾಚಿಕೆ ಆಗಲ್ವಾ ನಿಂಗೆ? ಪಾಪದವನನ್ನ ಕಾಡ್ತೀಯಲ್ಲ!" ನಾಯಿ ಹಿಡಿದಿದ್ದ ಮುದುಕಿಯೊಬ್ಬಳು ಚೀರಿದಳು. ಯಾರದೋ ಕೈಯಿಂದ ಹಾರಿದ ಐಸ್‌ಕ್ರೀಂ ಬ್ರಯೋನಿಯ ಎದೆಗೆ ಬಡಿದು ಜಾರಿತು. "ತೊಲಗಾಚೆ!"

ಅವಳು ಗಿಡಿಯನ್‌ನ ಮುಖ ನೋಡಿದಳು. ಒಂದು ಮಾತು... ತಾನೇ ಹೇಳಿಸಿದ್ದೆಂದು ಅವನು ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು!

ಅವನು ಹಗ್ಗ ಸುತ್ತುತ್ತ ನಿಂತಿದ್ದ.

ಬ್ರಯೋನಿ ಎಲ್ಲರ ನಡುವೆ ನಡೆದು ಹೋದಳು. ಓಡಲಿಲ್ಲ. ಬಸ್ ಸ್ಟಾಪಿನಲ್ಲಿ ಕೂತ ಮೇಲೆಯೇ ಅತ್ತಳು.

'ಸರಿಹೋಯ್ತು. ಇಬ್ಬರದೂ ಲೆಕ್ಕ ಸರಿಹೋಯ್ತು. ಇನ್ನು ಮುಗೀತು...'

ಮತ್ತೆ ಆ ಪಾರ್ಕಿನ ಕಡೆ ತಲೆ ಹಾಕಲಿಲ್ಲ. ಸಲೂನಿಗೆ ಬರುವ ಕೆಲವು ಹೆಂಗಸರು, "ಅವಳ ಕೈಗೆ ಬೇಡ, ಬೇರೆಯವರು ಇದ್ರೆ ನೋಡಿ," ಎಂದರು. ತುಟಿ ಕಚ್ಚಿ ನೆಲದ ಕೂದಲು ಗುಡಿಸಿದಳು.

ಸೆಪ್ಟೆಂಬರಿನ ಒಂದು ಶನಿವಾರ, ಎಲ್ಲ ಕುರ್ಚಿಗಳೂ ತುಂಬಿದ್ದಾಗ ಬಾಗಿಲು ತೆರೆಯಿತು.

ಗಿಡಿಯನ್!

ಹೇರ್ ಡ್ರೈಯರುಗಳು ಒಂದೊಂದಾಗಿ ನಿಂತವು. ಜಾಸ್ಲಿನ್ ಕತ್ತರಿ ಹಿಡಿದೇ ನಿಂತಳು.

"ಅವತ್ತು ಕೆ... ಕೆರೆ ಹತ್ರ..." ಗಿಡಿಯನ್ ಬ್ರಯೋನಿಯನ್ನು ನೋಡಲಿಲ್ಲ, ಕುರ್ಚಿಗಳಲ್ಲಿ ಕೂತವರನ್ನು ನೋಡಿ ಹೇಳಿದ. "ಇವಳು ಅಣಕಿಸೋಕೆ... ಬ್... ಬ್... ಬ್..."

"ಬಂದಿರಲಿಲ್ಲ, ಅದೇ ತಾನೆ? ಬೇಗ ಹೇಳಪ್ಪಾ, ಗಿರಾಕಿಗಳು ಕಾಯ್ತಿದಾರೆ," ಜಾಸ್ಲಿನ್ ನಡುವೆ ಬಾಯಿ ಹಾಕಿದಳು.

"ಬಾಯಿ ಮುಚ್ಚು, ಜಾಸ್ಲಿನ್!" ಬ್ರಯೋನಿಯ ಧ್ವನಿಗೆ ಗಾಜು ನಡುಗಿತು.

ಗಿಡಿಯನ್ ಕಾದ. ಉಸಿರು ತೆಗೆದುಕೊಂಡ. ಮತ್ತೆ ಮೊದಲಿನಿಂದ ಶುರು ಮಾಡಿದ.

"ಆ ಧ್ವನೀಲಿ ಕ್ಷಮೆ ಕೇಳು ಅಂದವನು ನಾನು. ಜನ ಇವಳ ಮೇಲೆ ಬ್... ಬಿದ್ದಾಗ ಸುಮ್ನೆ ನಿಂತವನೂ ನಾನೇ. ಇಷ್ಟೇ. ನಿಮ್ಮೆಲ್ಲರಿಗೂ ಹೇಳ್ಬೇಕಿತ್ತು."

ತಿರುಗಿ ಹೊರಟ. ಬ್ರಯೋನಿ ಏಪ್ರನ್ ಸಮೇತ ಬೀದಿಗೆ ಓಡಿದಳು.

"ನಿಲ್ಲು! ಯಾಕೆ ಸುಮ್ನೆ ನಿಂತೆ? ನಿಜ ಹೇಳು."

ಅವನು ಅವಳತ್ತ ತಿರುಗಿ ನಿಂತ.

"ಖುಷಿ ಆಯ್ತು ನಂಗೆ. ಜನ ಮೊದಲ ಸಲ ನನ್ನ ಪ... ಪಕ್ಷ ವಹಿಸಿದ್ರು. ನಿನಗಾದ ಅವಮಾನ ನೋಡಿ ನಂಗೆ ಒಳಗೊಳಗೇ ಹಿತವಾಗಿತ್ತು. ಅವತ್ತಿಂದ ನನ್ನ ಮುಖ ನೋಡ್ಕೊಳ್ಳೋಕೆ ನನಗೇ ಅಸಹ್ಯ."

ಅವಳು ಕಣ್ಣೊರೆಸಿಕೊಂಡಳು.

"ಪಬ್ಬಲ್ಲಿ ಎರಡನೇ ಸಲ ಮಾಡಿದ್ನಲ್ಲ... ಅದು ಕುಡಿದ ಅಮಲಲ್ಲ, ಗಿಡಿಯನ್. ಎಲ್ಲರೂ ನಗ್ತಿದ್ರು. ನಂಗೂ ಖುಷಿಯಾಗಿತ್ತು."

ಇಬ್ಬರೂ ಹಾಗೇ ನಿಂತರು. ಪೇಟೆಬೀದಿಯ ಜನ ಸುತ್ತಿ ಬಳಸಿ ದಾಟಿಹೋದರು.

"ನಿನ್ನನ್ನ ಪ್ರೀತಿಸ್ತೀನಿ ಕಣೋ," ಎಂದಳು ಅವಳು. "ಇಷ್ಟು ಕೆಟ್ಟವಳು ಅಂತ ಗೊತ್ತಾದ ಮೇಲೂ ನಿಂಗೆ ನಾನು ಬೇಕಾ?"

ಅವನು ಅವಳ ಏಪ್ರನ್ನಿಗೆ ಅಂಟಿದ್ದ ಯಾರದೋ ಬೆಳ್ಳಿಕೂದಲನ್ನು ಮೆಲ್ಲಗೆ ತೆಗೆದ. ಆಮೇಲೆ ಅವಳ ಕೈ ಹಿಡಿದುಕೊಂಡ.

"ನಾಳೆ ಮಧ್ಯಾಹ್ನ ಅಮ್ಮ ಊಟಕ್ಕೆ ಕರೀತಿದಾಳೆ."

"ಅವರು ನನ್ನ ಕ್ಷಮಿಸಿದಾರಾ?"

"ಇ... ಇಲ್ಲ."

"ಮತ್ತೆ?"

"ಆಲೂಗಡ್ಡೆ ಸುಲಿಯೋಕೆ ಕೂರಿಸ್ತಾಳಂತೆ. ಒಂದು ಮಾತೂ ಆಡಲ್ವಂತೆ."

"ಎಷ್ಟು ಹೊತ್ತು?"

"ಗೊತ್ತಿಲ್ಲ." ಅವನ ತುಟಿಯಂಚಿನಲ್ಲಿ ಸಣ್ಣ ನಗು ಮೂಡಿತು. "ನಾನೂ ಪಕ್ಕದಲ್ಲಿ ಕೂತು ಸುಲೀತೀನಿ."